ವಿಷಯ ಕೊಡ್ರಿ ಮೇಡಂ

೭ ಏಪ್ರಿಲ್, ಮಂಗಳವಾರ. ಸವಣೂರು

ಶಿಗ್ಗಾಂವಿಯ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿ ಇದು ನನ್ನ ಮೂರನೆಯ ವರ್ಷ. ನೇಮಕದ ಆದೇಶ ಮೇ ಕೊನೆಗೆ ಮುಗಿಯುತ್ತದೆ. ಮುಂದಿನ ವರ್ಷಕ್ಕೆ ಹೊಸ ಆದೇಶ ಬರುತ್ತದೋ ಇಲ್ಲವೋ ಯಾರೂ ಹೇಳಿಲ್ಲ. ಊಟ ಸೇರುತ್ತಿಲ್ಲ, ಓದಿದ್ದು ತಲೆಗೆ ಹತ್ತುತ್ತಿಲ್ಲ. ಹಾಗಾಗಿ ಬಿಟ್ಟುಬಿಟ್ಟಿದ್ದ ದಿನಚರಿಯನ್ನು ಮತ್ತೆ ತೆಗೆದಿದ್ದೇನೆ.

ಬಿ.ಎ. ಕೊನೆಯ ಸೆಮಿಸ್ಟರಿನವರು ಇವತ್ತು ಪ್ರಾಜೆಕ್ಟ್ ಒಪ್ಪಿಸಿದರು. ಒಬ್ಬೊಬ್ಬರೂ ಒಂದು ವಿಷಯ ಹಿಡಿದು, ಓಡಾಡಿ, ಜನರನ್ನು ಮಾತಾಡಿಸಿ ಬರೆಯಬೇಕು. ಅದಿಲ್ಲದೆ ಡಿಗ್ರಿ ಇಲ್ಲ. ಇದುವರೆಗೆ ಇದನ್ನು ನೋಡುತ್ತಿದ್ದ ಹಿರಿಯರು ನಿವೃತ್ತರಾದ್ದರಿಂದ ಈ ವರ್ಷ ನನ್ನ ಪಾಲಿಗೆ ಬಂದಿದೆ. ಎಲ್ಲಕ್ಕೂ ಒಂದೇ ನೀಲಿ ರಟ್ಟು, ಒಂದೇ ಸ್ಪೈರಲ್. ಬಂಕಾಪುರದ ವಾಣಿಶ್ರೀಯದು ‘ಸವಣೂರಿನ ವೀಳ್ಯದೆಲೆ ಬೆಳೆಗಾರರು’. ಮೊದಲ ಪುಟದಲ್ಲಿ ಅವಳ ಹೆಸರು. ಎರಡನೆಯದು ಕೃತಜ್ಞತೆಯ ಪುಟ. ಅಲ್ಲಿ ಹೀಗಿತ್ತು: ‘ಎಲೆ ವ್ಯಾಪಾರದ ಒಳಹೊರಗನ್ನು ತಾಳ್ಮೆಯಿಂದ ವಿವರಿಸಿದ ನನ್ನ ತಂದೆ ಮಹಮ್ಮದಗೌಸ ಅವರಿಗೆ ಋಣಿ.’

ಮಹಮ್ಮದಗೌಸ ನನ್ನ ಅಬ್ಬಾ. ವಾಕ್ಯವೂ ನನ್ನದೇ. ಮುಂದಿನ ಪುಟಗಳನ್ನೂ ತಿರುವಿದೆ. ಆರು ವರ್ಷದ ಹಿಂದೆ ಇದೇ ಕಾಲೇಜಿಗೆ ನಾನು ಬರೆದುಕೊಟ್ಟ ಪ್ರಾಜೆಕ್ಟು, ಅಲ್ಪವಿರಾಮಗಳೂ ಸೇರಿ.

ವಾಣಿಶ್ರೀಯನ್ನು ಕರೆದು ಅವಳ ತಂದೆಯ ಹೆಸರೇನೆಂದು ಕೇಳಿದೆ.

‘ವೀರಭದ್ರಪ್ಪ ರೀ ಮೇಡಂ.’

ಪುಟ ತೋರಿಸಿದೆ. ಓದಿ ನಾಲಿಗೆ ಕಚ್ಚಿಕೊಂಡಳು. ‘ಈ ಕನಕಪ್ಪ ಹಿಂಗ ಮಾಡ್ತಾನ ನೋಡ್ರಿ. ಹೆಸರು ಬದಲ ಮಾಡಂದ್ರ ಮೊದಲ್ನೇ ಪುಟದ್ದಷ್ಟ ಮಾಡ್ಯಾನ. ರೊಕ್ಕ ಮಾತ್ರ ಪೂರಾ ತಗೊಂಡಾನ್ರಿ.’

ಅವಳಿಗೆ ನಾಚಿಕೆಯಾದಂತೆ ಕಾಣಲಿಲ್ಲ. ಕೆಲಸ ಕೆಡಿಸಿದವನ ಮೇಲೆ ಸಿಟ್ಟು ಬಂದಿತ್ತು, ಅಷ್ಟೇ. ಏನು ಮಾಡಬೇಕೆಂದು ಸರ್‌ನ ಕೇಳಬೇಕು.


೮ ಏಪ್ರಿಲ್, ಬುಧವಾರ

ಕಾಲೇಜಿನ ಎದುರಿನ ಕನಕಪ್ಪನ ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಆತ ಎದ್ದು ನಿಂತು ಸ್ಟೂಲು ಒರೆಸಿ ಕೊಟ್ಟ. ಮುಚ್ಚಿಡುವ ಪ್ರಯತ್ನವನ್ನೇ ಮಾಡಲಿಲ್ಲ. ಕಂಪ್ಯೂಟರಿನಲ್ಲಿ ಹಳೆಯ ಪ್ರಾಜೆಕ್ಟುಗಳನ್ನು ವಿಷಯವಾರು ಕಪಾಟಿನ ಹಾಗೆ ಜೋಡಿಸಿಟ್ಟಿದ್ದಾನೆ. ಈ ವರ್ಷದವೆಲ್ಲ ಅಲ್ಲಿಂದಲೇ ಹೋದವು.

‘ನಿಮ್ದು ಭಾಳ ನಡೀತೇತ್ರಿ ಮೇಡಂ. ಬರೂದ್ರಾಗನ ಎಲಿ ಪ್ರಾಜೆಕ್ಟ್ ಕೊಡು ಅಂತಾರ. ಕೆರಿ ಮೀನಿಂದೂ ಐತಿ, ಯಾರೂ ಕೇಳೂದಿಲ್ಲ.’

‘ಇದು ತಪ್ಪಲ್ಲೇನ್ರಿ?’

‘ತಪ್ಪು ಅಂತ ಯಾರೂ ಹೇಳಿಲ್ಲಲ್ರಿ ಇಷ್ಟು ವರ್ಷ. ನೀವು ಬ್ಯಾಡ ಅಂದ್ರ ಅಳಿಸಿ ಬಿಡ್ತೇನಿ. ಅಳಸ್ಲಿ?’

ಬೇಡ, ಸರ್‌ನ ಕೇಳಿ ಹೇಳುತ್ತೇನೆ ಎಂದೆ.

ಸರ್ ಅಂದರೆ ಪ್ರಾಚಾರ್ಯ ಶಂಭುಲಿಂಗ ಸರ್. ನನಗೂ ಕಲಿಸಿದವರು. ಎಲೆಯ ವಿಷಯ ಕೊಟ್ಟವರೂ ಅವರೇ, ಎಂ.ಎ. ಮಾಡು ಅಂದವರು, ಇಲ್ಲಿಗೆ ಕರೆದು ಕೂರಿಸಿದವರು. ಪೂರ್ತಿ ಕೇಳಿ ನಕ್ಕು, ‘ನೀನ ಗೈಡ್ ಅದೀ, ನೀನ ನೋಡು’ ಅಂದರು. ಅವರೇ ಒಂದು ಹೇಳಿದ್ದರೆ ಚೆನ್ನಾಗಿತ್ತು. ಎಲ್ಲ ವಾಪಸು ಕೊಟ್ಟು ಹೊಸದಾಗಿ ಬರೆಸಲೇ ಎಂದು ಕೇಳಿದೆ. ಬರೆಸು ಅಂದರು. ಬಾಗಿಲವರೆಗೆ ಬಂದು, ತಿರುಗಿ ಹೋಗಿ ಮತ್ತೊಮ್ಮೆ ಕೇಳಿದೆ.


೧೦ ಏಪ್ರಿಲ್, ಶುಕ್ರವಾರ

ಪ್ರಾಜೆಕ್ಟುಗಳನ್ನು ವಾಪಸು ಕೊಟ್ಟೆ. ನಿಮಗೆ ನಿಜವಾಗಿ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ತನ್ನಿ, ಉತ್ತರ ಹುಡುಕಿ ಬರೆಯಿರಿ, ಮೇ ಹನ್ನೆರಡಕ್ಕೆ ಒಪ್ಪಿಸಿರಿ ಎಂದೆ. ಹಿಂದಿನ ಬೆಂಚಿನಿಂದ ಶುರುವಾಯಿತು.

‘ವಿಷಯ ಕೊಡ್ರಿ ಮೇಡಂ.’

‘ನೀವ ಹುಡುಕ್ರಿ.’

‘ಹುಡುಕ್ತೇವ್ರಿ. ಯಾವ ವಿಷಯ ಹುಡುಕ್ಬೇಕು ಅಂತ ಹೇಳಿಬಿಡ್ರಿ.’

ಸವಣೂರಿನಿಂದ ನಾನು ಬರುವ ಬಸ್ಸಿಗೇ ಬರುವ ರಿಯಾಜ ಎದ್ದು ನಿಂತ. ‘ಎಷ್ಟು ಮಂದಿನ್ನ ಕೇಳ್ಬೇಕ್ರಿ?’

‘ಎಷ್ಟು ಬೇಕೋ ಅಷ್ಟು.’

‘ಅಷ್ಟು ಅಂದ್ರ ಎಷ್ಟ್ರಿ?’

ನಗು. ವಾಣಿಶ್ರೀ ನಗಲಿಲ್ಲ. ‘ನಮಗ ಪ್ರಶ್ನಿ ಹುಡುಕೂದು ಯಾರೂ ಕಲಿಸಿಲ್ರಿ ಮೇಡಂ. ಉತ್ತರ ಬರೆಯೂದಷ್ಟ ಕಲಿಸ್ಯಾರ’ ಎಂದಳು. ಗಂಟೆ ಹೊಡೆಯಿತು.

ಇಪ್ಪತ್ತು, ಇಪ್ಪತ್ತೊಂದು ವಯಸ್ಸಿನವರು. ಯಾರಾದರೂ ಕೈ ಹಿಡಿದು ಎಳೆಯದ ಹೊರತು ಇವರು ಒಂದು ಹೆಜ್ಜೆಯನ್ನೂ ಇಡುವುದಿಲ್ಲ ಎಂಬುದು ನೋಡಲು ಕಷ್ಟವಾಗುತ್ತದೆ.

ಆದೇಶದ ಬಗ್ಗೆ ಸರ್ ಇವತ್ತೂ ಏನೂ ಹೇಳಲಿಲ್ಲ. ಅವರಾಗಿ ಹೇಳುವವರೆಗೆ ಕೇಳುವುದು ಸರಿಯಲ್ಲ ಅನ್ನಿಸುತ್ತದೆ.


೧೩ ಏಪ್ರಿಲ್, ಸೋಮವಾರ

ಒಬ್ಬರೂ ಬಂದಿಲ್ಲ.

ಬರುವಾಗ ಬಸ್ಸಿನಲ್ಲಿ ಕೂತು ನಾನೇ ಕೆಲವು ವಿಷಯಗಳನ್ನು ಚೀಟಿಯಲ್ಲಿ ಬರೆದೆ. ಕೊಡುವುದಿಲ್ಲ. ಆದರೂ ಚೀಲದಲ್ಲಿರಲಿ.


೧೫ ಏಪ್ರಿಲ್, ಬುಧವಾರ

ತಡಸದ ಐಶ್ವರ್ಯ ಬಂದಿದ್ದಳು. ಕೊನೆಯ ಬೆಂಚಿನವಳು. ಇಷ್ಟು ದಿನ ಹಾಜರಿ ಬಿಟ್ಟರೆ ಅವಳ ದನಿ ಕೇಳಿದ್ದಿಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಹೇಳಿದಳು.

‘ನಮ್ಮ ಕಾಲೇಜಿನ್ಯಾಗ ಡಿಗ್ರಿ ಮುಗಿಸಿ ಹೋದವ್ರು ಈಗ ಏನ್ ಮಾಡಾಕತ್ತಾರ? ಇದ ನನ್ನ ಪ್ರಶ್ನಿ ರೀ.’

‘ಇದ ಯಾಕ?’

‘ಜೂನ್ ಆದ ಮ್ಯಾಲೆ ನಾನೂ ಅದ ಆಗ್ತೇನಲ್ರಿ. ಮೊದ್ಲ ಗೊತ್ತಾದ್ರ ಚಲೋ.’

ಅವರನ್ನು ಹೇಗೆ ಹುಡುಕುತ್ತೀ ಎಂದೆ. ನನ್ನನ್ನು ವರಾಂಡಕ್ಕೆ ಕರೆದುಕೊಂಡು ಹೋದಳು. ಪ್ರತಿ ವರ್ಷದ ಬೀಳ್ಕೊಡುಗೆಯ ಗ್ರೂಪ್ ಫೋಟೋಗಳು ಅಲ್ಲಿ ಸಾಲಾಗಿ ತೂಗುತ್ತವೆ. ಅವನ್ನೆಲ್ಲ ಮೊಬೈಲಿನಲ್ಲಿ ತೆಗೆದುಕೊಂಡಿದ್ದಾಳೆ. ಊರೂರಿಗೆ ಹೋಗಿ ಮುಖ ತೋರಿಸಿ ಕೇಳುತ್ತಾಳಂತೆ. ‘ಬಸ್ಸಿಗೆ ಹೆಂಗೂ ಆಧಾರ್ ಕಾರ್ಡ್ ಸಾಕಲ್ರಿ.’

ಮಾಡು ಎಂದೆ. ಅವಳು ಹೋದ ಮೇಲೆ ಕಸಿವಿಸಿಯಾಯಿತು. ಕಾಲೇಜಿಗೇ ಸಂಬಂಧಿಸಿದ್ದು. ಮೊದಲು ಸರ್‌ನ ಕೇಳಬೇಕಿತ್ತು.


೧೮ ಏಪ್ರಿಲ್, ಶನಿವಾರ

ಗ್ರಂಥಾಲಯದಿಂದ ಒಂದು ಬಂಗಾಳಿ ಕಾದಂಬರಿ ತಂದಿದ್ದೇನೆ. ನಾನು ಓದುವುದು ಅನುವಾದಗಳನ್ನೇ. ಗ್ರಂಥಪಾಲಕ ಮಕ್ತುಮಸಾಬರು ನನ್ನನ್ನು ಕಂಡ ಕೂಡಲೇ ಆ ಕಪಾಟಿನ ಕಡೆ ಕೈ ಮಾಡುತ್ತಾರೆ. ಅನುವಾದವಾದ ಪುಸ್ತಕವನ್ನು ಯಾರೋ ಒಬ್ಬರು ಆಗಲೇ ಕೊನೆಯವರೆಗೆ ಓದಿ, ಇದಕ್ಕಾಗಿ ಒಂದೆರಡು ವರ್ಷ ಕಳೆಯಬಹುದು ಎಂದು ತೀರ್ಮಾನಿಸಿರುತ್ತಾರೆ. ನನಗೆ ಆ ಭರವಸೆ ಬೇಕು. ಭರವಸೆಯಿಲ್ಲದ ಪುಸ್ತಕವನ್ನು ತೆರೆಯುವುದೆಂದರೆ ಅಪರಿಚಿತರ ಮನೆಯ ಬಾಗಿಲು ತಟ್ಟಿದ ಹಾಗೆ.

ಇವತ್ತು ಮೂವತ್ತು ಪುಟ ಓದಿದೆ. ಯಾರ ಹೆಸರೂ ನೆನಪಿಲ್ಲ.


೨೨ ಏಪ್ರಿಲ್, ಬುಧವಾರ

ಪ್ರಶ್ನೆಗಳು ಬರುತ್ತಿವೆ. ರಿಯಾಜನದು: ‘ಸಂತಿ ದಿನ ಚಾದ ಕಪ್ಪು ಯಾಕ ಸಣ್ಣದಾಗ್ತೇತಿ?’ ತಮಾಷೆ ಮಾಡುತ್ತಿದ್ದೀಯಾ ಎಂದೆ. ‘ಇಲ್ರಿ ಮೇಡಂ, ಸಣ್ಣಾವ ಇದ್ದಾಗಿಂದ ತಲ್ಯಾಗ ಐತಿ. ಯಾರೂ ಕೇಳಿದ್ದಿಲ್ಲ’ ಎಂದ. ಒಪ್ಪಿದೆ. ವಾಣಿಶ್ರೀ ಇನ್ನೂ ಮುನಿಸಿಕೊಂಡಿದ್ದಾಳೆ.

ಐಶ್ವರ್ಯ ಬಿಸಿಲಲ್ಲಿ ಕಪ್ಪಾಗಿದ್ದಾಳೆ. ಬಂಕಾಪುರ, ಹಾನಗಲ್ಲು, ಹಿರೇಕೆರೂರು ತಿರುಗಿ ಬಂದಿದ್ದಾಳೆ.

‘ಎಲ್ಲಾರೂ ಒಂದ ಮಾತು ಹೇಳ್ತಾರ್ರಿ. ಕಾಯಾಕತ್ತೇನಿ ಅಂತಾರ. ನೋಟಿಫಿಕೇಶನ್ ಬರಲಿ ಅಂತ, ಯಾರರ ಹೇಳಲಿ ಅಂತ, ಮಾವ ಮಾತಾಡ್ಯಾನ ಅಂತ. ಹಾನಗಲ್ಲಿನ್ಯಾಗ ಒಬ್ಬಾವ ಮಾವಿನಹಣ್ಣಿನ ಗೋದಾಮಿನ್ಯಾಗ ಸಿಕ್ಕ. ನಾಕ್ ವರ್ಷಾತಂತ ಅಲ್ಲೇ ಅದಾನ. ಗೋದಾಮಿನ ಕೆಲಸ ಅಂತ ಬರ್ಕೊಳ್ಳಾಕತ್ತಿದ್ದೆ, ಕೈ ಹಿಡದ. ಅದನ್ನ ಬರೀಬ್ಯಾಡ ತಂಗಿ, ಇದು ಅಲ್ಲಿವರೆಗೂ ಅಷ್ಟ ಅಂದ.’

‘ಎಲ್ಲಿವರೆಗೂ?’

‘ನಾನೂ ಅದನ್ನ ಕೇಳಿದ್ನಿ ರೀ. ಸಿಟ್ಟಿಗೆದ್ದ.’

ಮಾಸೂರಿನಲ್ಲಿ ಮಾತ್ರ ಬೇರೆಯವಳೊಬ್ಬಳು ಸಿಕ್ಕಳಂತೆ. ಸಿದ್ದವ್ವ. ಕೆರೆಯ ಕೆಳಗೆ ಒಂದಿಷ್ಟು ಜಾಗದಲ್ಲಿ ಹಸಿರು ಪರದೆ ಕಟ್ಟಿ ಮೆಣಸಿನ ಸಸಿ, ಬದನೆ ಸಸಿ ಬೆಳೆಸಿ ರೈತರಿಗೆ ಕೊಡುತ್ತಾಳೆ. ‘ಯಾರ್ ಹೇಳಿದ್ರು ನಿಮಗ ಇದನ್ನ ಮಾಡು ಅಂತ?’ ಎಂದು ಐಶ್ವರ್ಯ ಕೇಳಿದಳಂತೆ. ಆಕೆ ಕೈ ಮಣ್ಣು ಕೊಡವಿಕೊಂಡು ಹೇಳಿದ್ದು ಇಷ್ಟೇ: ‘ಯಾರೂ ಹೇಳ್ಲಿಲ್ಲವಾ. ಅದಕ್ಕ ತಡಾ ಆತು.’


೨೫ ಏಪ್ರಿಲ್, ಶನಿವಾರ

ಮನೆಯಲ್ಲಿ ನಾವು ಆಡುವುದು ಉರ್ದು. ಇಲ್ಲಿ ಬರೆಯುವಾಗ ಅದು ಕನ್ನಡವಾಗುತ್ತದೆ.

ಸಂಜೆ ಅಬ್ಬಾ, ಅಮ್ಮಿ, ಪಕ್ಕದ ಮನೆಯ ರಹಿಮಾಬಿ ಖಾಲಾ ಪಡಸಾಲೆಯಲ್ಲಿ ಕೂತು ಎಲೆ ತಿರುವಿ ಹಾಕುತ್ತಿದ್ದರು. ಕಟ್ಟು ಬಿಚ್ಚಿ, ಒಂದೊಂದಾಗಿ ಮಗುಚಿ, ಅಂಚು ಕರಗಿದ ಎಲೆಯನ್ನು ತೆಗೆದು, ಒದ್ದೆ ಗೋಣಿಯ ಕೆಳಗೆ ಮತ್ತೆ ಜೋಡಿಸುವುದು. ದಿನಾ ಮಾಡದಿದ್ದರೆ ಕೆಟ್ಟ ಎಲೆ ಪಕ್ಕದ್ದನ್ನೂ ಕೆಡಿಸುತ್ತದೆ. ನಾನೂ ಕೂತೆ.

ವಾಣಿಶ್ರೀಯ ಪ್ರಾಜೆಕ್ಟಿನ ಕತೆ ಹೇಳಿದೆ. ಅಬ್ಬಾ ಕೈಯಲ್ಲಿದ್ದ ಕಟ್ಟು ಬಿಟ್ಟು ನಕ್ಕರು. ‘ಅಂದ್ರ ನನ್ನ ಹೆಸರು ವರ್ಷಾ ವರ್ಷಾ ಛಾಪಾ ಆಗಾಕತ್ತೇತಿ. ಎಷ್ಟು ಮಂದಿ ಹೆಣ್ಣುಮಕ್ಕಳಾದ್ರಪಾ ನನಗ. ಆ ವೀರಭದ್ರಪ್ಪಗ ನನ್ನ ಸಲಾಂ ಹೇಳು.’

‘ನನ್ನ ಹೆಸರು ಇತ್ತೇನು ಅದ್ರಾಗ?’ ಎಂದರು ಅಮ್ಮಿ.

ಇರಲಿಲ್ಲ. ಸರ್ ಕೊಟ್ಟ ವಿಷಯ ಬೆಳೆಗಾರರದಾಗಿತ್ತು. ಎಲೆ ಆರಿಸುವವರು ಅದರಲ್ಲಿ ಬರುತ್ತಿರಲಿಲ್ಲ ಎಂದು ವಿವರಿಸಿದೆ. ಅಮ್ಮಿ ‘ಹೌದಾ’ ಎಂದು ಮುಂದಿನ ಕಟ್ಟು ಬಿಚ್ಚಿದರು. ಆ ಪ್ರಾಜೆಕ್ಟಿನಲ್ಲಿ ನಾನು ಹೆಸರಿಸಿದ್ದ ತೋಟಗಳಲ್ಲಿ ಎಷ್ಟು ಉಳಿದಿವೆ ಎಂದು ಅಬ್ಬಾನ ಕೇಳಿದೆ. ಊರಿಗೆ ಹತ್ತಿಕೊಂಡಿದ್ದವು ಪ್ಲಾಟು ಆದವು, ಒಂದರಲ್ಲಿ ಪೆಟ್ರೋಲ್ ಪಂಪು ಬಂತು ಎಂದರು. ಕನಕಪ್ಪನ ಕಂಪ್ಯೂಟರಿನಲ್ಲಿ ಅವೆಲ್ಲ ಇನ್ನೂ ಹಸಿರಾಗಿವೆ. ‘ಈ ಕುರಿತು ಮತ್ತಷ್ಟು ಅಧ್ಯಯನ ನಡೆಯಬೇಕಿದೆ’ ಎಂಬುದು ನನ್ನ ಕೊನೆಯ ವಾಕ್ಯವಾಗಿತ್ತು.

ಖಾಲಾ ಕೇಳಿದರು: ‘ನಿನ್ನ ನೌಕರಿ ಪಕ್ಕಾ ಆತೇನಬೇ?’

‘ಇನ್ನೂ ಇಲ್ಲ ಖಾಲಾ. ಅಲ್ಲಿವರೆಗೂ ಇದು ನಡೀತೇತಿ’ ಎಂದೆ.


೨೯ ಏಪ್ರಿಲ್, ಬುಧವಾರ

ಐಶ್ವರ್ಯ ಮೊಬೈಲ್ ತೆರೆದು ಒಂದು ಫೋಟೋವನ್ನು ದೊಡ್ಡದು ಮಾಡಿ ನನ್ನ ಮುಂದೆ ಹಿಡಿದಳು. ಎರಡನೆಯ ಸಾಲು, ಬಲಗಡೆ ಕೊನೆ. ನಾನು. ಅರ್ಧ ಮುಖ ಮುಂದಿನವಳ ತಲೆಯ ಹಿಂದಿದೆ.

‘ನೀವೂ ಬರ್ತೀರಲ್ರಿ ಮೇಡಂ ನನ್ನ ಪ್ರಾಜೆಕ್ಟಿನ್ಯಾಗ.’

ನಾನು ಗೈಡ್ ಎಂದೆ. ‘ಗೈಡ್ ಆದ್ರೂ ಹಳೇ ವಿದ್ಯಾರ್ಥಿನ ಅಲ್ರಿ’ ಎಂದು ಪೆನ್ನು ತೆಗೆದಳು. ಎಲ್ಲರಿಗೂ ಕೇಳುವ ಪ್ರಶ್ನೆಗಳನ್ನೇ ಕೇಳಿದಳು. ಈಗ ಏನು ಮಾಡುತ್ತಿದ್ದೀರಿ? ಅತಿಥಿ ಉಪನ್ಯಾಸಕಿ. ಎಷ್ಟು ವರ್ಷದಿಂದ? ಮೂರು. ಇದನ್ನು ನೀವೇ ಆರಿಸಿಕೊಂಡಿರಾ, ಯಾರಾದರೂ ಹೇಳಿದರಾ? ಯಾರೂ ಏನೂ ಹೇಳದಿದ್ದರೆ ಏನು ಮಾಡುತ್ತಿದ್ದಿರಿ?

ಈ ಎರಡಕ್ಕೆ ಆಮೇಲೆ ಉತ್ತರ ಕೊಡುತ್ತೇನೆ ಎಂದೆ. ‘ಆತ್ರಿ, ಜಾಗಾ ಬಿಟ್ಟಿರ್ತೇನಿ’ ಎಂದಳು.

ಬಸ್ಸಿನಲ್ಲಿ ತಲೆನೋವು.


೨ ಮೇ, ಶನಿವಾರ

ಸರ್ ಕರೆಸಿದರು. ಬಾಗಿಲು ಮುಚ್ಚು ಎಂದರು. ಹಳೆಯ ವಿದ್ಯಾರ್ಥಿಯೊಬ್ಬ ಅವರಿಗೆ ಫೋನ್ ಮಾಡಿದ್ದನಂತೆ. ಒಬ್ಬ ಹುಡುಗಿ ಫೋಟೋ ಹಿಡಿದುಕೊಂಡು ನಮ್ಮ ಓಣಿಯಲ್ಲಿ ನಾನು ಏನು ಮಾಡುತ್ತೇನೆಂದು ವಿಚಾರಿಸುತ್ತಿದ್ದಳು, ಮರ್ಯಾದೆ ಹೋಯಿತು ಎಂದನಂತೆ.

‘ನೋಡವಾ ಫರ್ಹತ, ತಪ್ಪು ಅನ್ನಾಕತ್ತಿಲ್ಲ ನಾ. ಹುಡುಗಿ ಶ್ಯಾಣ್ಯಾಕಿ ಅದಾಳ. ಆದ್ರ ಈಗ ಅಡ್ಮಿಶನ್ ಟೈಮು. ಕರಪತ್ರ ಪ್ರೆಸ್ಸಿಗೆ ಹೋಗೇತಿ. ನಮ್ಮಲ್ಲಿ ಕಲ್ತವ್ರೆಲ್ಲಾ ಒಂದು ನೆಲಿಗೆ ಹತ್ಯಾರ ಅಂತ ಅದ್ರಾಗ ಬರ್ದೇವಿ. ಇಕಡೆ ನಮ್ಮ ಹುಡುಗೀನ ಎಲ್ಲಾರೂ ಖಾಲಿ ಕುಂತಾರ ಅಂತ ಬರ್ದ್ರ ಹೆಂಗ? ವೈವಾಕ್ಕ ಹೊರಗಿನವ್ರು ಬರ್ತಾರ. ಆಕಿಗೆ ಬ್ಯಾರೆ ವಿಷಯ ಕೊಟ್ಟುಬಿಡು.’

‘ಇನ್ನು ಹತ್ತ ದಿನ ಐತ್ರಿ ಸರ್.’

‘ಕನಕಪ್ಪನ ಅಂಗಡಿ ಐತಲ್ಲ’ ಎಂದು ನಕ್ಕರು. ಆಮೇಲೆ ನಗದೆ, ‘ನಿನ್ನ ಆದೇಶ ಇದೇ ಹದಿನೈದಕ್ಕ ಕಮಿಟಿ ಮುಂದ ಬರ್ತೇತಿ. ನಿನ್ನ ಹೆಸರು ಹೇಳಾವ ನಾನ. ನಾಳೆ ಅವ್ರು ನನ್ನ ಏನರ ಕೇಳಬಾರದು ನೋಡು’ ಎಂದರು.

ಹೆದರಿಸಲಿಲ್ಲ. ಅವರು ಯಾರನ್ನೂ ಹೆದರಿಸುವವರಲ್ಲ. ನಾನು ‘ಹೂಂ ಸರ್’ ಎಂದು ಬಂದೆ.


೩ ಮೇ, ಭಾನುವಾರ

ಏನು ಮಾಡಲಿ ಎಂದು ಅಬ್ಬಾನ ಕೇಳಿದೆ. ‘ನನಗ ಎಲಿ ಬಿಟ್ರ ಏನ್ ತಿಳೀತೇತಿ’ ಎಂದರು. ಅಮ್ಮಿ, ಸರ್ ಹೇಳಿದ ಹಾಗೆ ಮಾಡು ಎಂದರು. ಎಂ.ಎ.ಯಲ್ಲಿ ಜೊತೆಗಿದ್ದ ಇರಮಳಿಗೆ ಫೋನ್ ಮಾಡಿದೆ. ಅವಳೂ ಧಾರವಾಡದಲ್ಲಿ ಅತಿಥಿಯೇ. ‘ಸುಮ್ನ ಇರ. ನನ್ನ ಆದೇಶನೂ ಬರಬೇಕು, ಕರೆಕರೆ ಹಚ್ಚಬ್ಯಾಡ’ ಎಂದಳು.

ಮೂವರನ್ನು ಕೇಳಿದ ಮೇಲೂ ಕೇಳಿದಂತಾಗಲಿಲ್ಲ.


೫ ಮೇ, ಮಂಗಳವಾರ

ಚೀಲದಲ್ಲಿದ್ದ ಚೀಟಿ ತೆಗೆದುಕೊಂಡು ಹೋದೆ. ವರಾಂಡದಲ್ಲಿ, ಆ ಫೋಟೋಗಳ ಕೆಳಗೇ ಐಶ್ವರ್ಯಳಿಗೆ ವಿಷಯ ಬದಲಿಸಬೇಕಾಗುತ್ತದೆ ಎಂದೆ.

‘ಸರ್ ಹೇಳಿದ್ರೇನ್ರಿ?’

‘ಹೌದು.’

‘ನೀವೇನ್ ಹೇಳ್ತೀರಿ ಮೇಡಂ?’

ನಾನು ಚೀಟಿ ಚಾಚಿದೆ. ಅವಳು ತೆಗೆದುಕೊಂಡು ಮೇಲಿಂದ ಕೆಳಗೆ ಓದಿದಳು. ಮಡಚಿ ವಾಪಸು ಕೊಟ್ಟಳು. ‘ಚಲೋ ಅದಾವ್ರಿ ಎಲ್ಲಾ. ಆದ್ರ ಇವಕ್ಕ ಉತ್ತರ ನಿಮಗ ಗೊತ್ತೈತಲ್ರಿ. ಗೊತ್ತಿಲ್ಲದ್ದು ತರ್ರಿ ಅಂತ ನೀವ ಹೇಳಿದ್ದು.’

ಬಸ್ಸಿಗೆ ಹೊತ್ತಾಯಿತೆಂದು ಓಡಿದಳು. ಅವಿಧೇಯತೆಯೆಂದು ಸಿಟ್ಟು ಬರಬೇಕಿತ್ತು. ನಾನು ಚೀಟಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ.


೭ ಮೇ, ಗುರುವಾರ

ಆದೇಶ ಬರದಿದ್ದರೆ ಜೂನ್ ಒಂದಕ್ಕೆ ನಾನು ಬೆಳಗ್ಗೆ ಎದ್ದು ಏನು ಮಾಡುತ್ತೇನೆ? ಇದನ್ನೇ ಯೋಚಿಸುತ್ತ ಬ್ಲ್ಯಾಕ್‌ಬೋರ್ಡಿನ ಮೇಲೆ ಒಂದೇ ಸಾಲನ್ನು ಎರಡು ಸಲ ಬರೆದೆ. ಹುಡುಗರು ಎರಡು ಸಲವೂ ಬರೆದುಕೊಂಡರು.


೯ ಮೇ, ಶನಿವಾರ

ಬಂಗಾಳಿ ಕಾದಂಬರಿಯನ್ನು ಅರ್ಧಕ್ಕೇ ಹಿಂದಿರುಗಿಸಿದೆ. ಬಾಗಿಲ ಹತ್ತಿರದ ಸಾಲಿನಲ್ಲಿ ಹಾವೇರಿ ಕಡೆಯ ಯಾರೋ ಬರೆದ ಒಂದು ತೆಳುವಾದ ಕಥಾಸಂಕಲನವಿತ್ತು. ಮುನ್ನುಡಿಯಿಲ್ಲ, ಬೆನ್ನುಡಿಯಿಲ್ಲ. ಯಾರಾದರೂ ಒಯ್ದ ದಿನಾಂಕದ ಮುದ್ರೆಯೂ ಇಲ್ಲ. ಮಕ್ತುಮಸಾಬರು ಎರಡು ಸಲ ತಿರುಗಿಸಿ ನೋಡಿದರು.

‘ಇದು ಅನುವಾದ ಅಲ್ಲವಾ.’

‘ಗೊತ್ತೈತ್ರಿ.’

‘ಹೆಂಗ ಐತೋ ಏನೋ. ಯಾರೂ ಒಯ್ದಿಲ್ಲ.’

ಮೊದಲ ಕಥೆ ಸಾಧಾರಣ. ಎರಡನೆಯದು ಪರವಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುಗಿಸಿದೆ.

ಸಂಜೆ ಖಾಲಾ ಎಲೆ ತಿರುವುತ್ತ ಕೂತಾಗ, ನೀವು ಈ ಕೆಲಸ ಯಾರಿಂದ ಕಲಿತಿರಿ ಎಂದು ಕೇಳಿದೆ. ಇಪ್ಪತ್ತೈದು ವರ್ಷದಲ್ಲಿ ಈ ಮಾತು ಅವರಿಗೆ ನಾನು ಕೇಳಿದ್ದಿಲ್ಲ. ‘ಇದನ್ನ ಕೇಳಾಕ ಡಿಗ್ರಿ ಬೇಕಾತೇನಬೇ’ ಎಂದು ಗೇಲಿ ಮಾಡಿ, ಆಮೇಲೆ ಸೂರ್ಯ ಮುಳುಗಿ ಮಗ್ರಿಬಿನ ಆಜಾನ್ ಆಗುವವರೆಗೆ ಹೇಳಿದರು. ಅಮ್ಮಿ ನಡುವೆ ನಡುವೆ ತಿದ್ದಿದರು. ಇಬ್ಬರೂ ಸ್ವಲ್ಪ ಜಗಳವಾಡಿದರು.


೧೧ ಮೇ, ಸೋಮವಾರ

ನಾಳೆ ಒಪ್ಪಿಸುವ ದಿನ. ಇವತ್ತೇ ಕೆಲವರು ತಂದಿದ್ದರು. ರಿಯಾಜನದು ತೆಳುವಾಗಿದೆ, ಆದರೆ ಓದುತ್ತ ಮೂರು ಕಡೆ ನಕ್ಕೆ. ಸಂತೆಯ ದಿನ ಕಪ್ಪು ಸಣ್ಣದಾಗುವುದಿಲ್ಲ, ಬೇರೆ ದಿನ ಗುರುತಿನವರಿಗೆ ದೊಡ್ಡದಾಗಿರುತ್ತದೆ ಎಂದು ಕಂಡುಹಿಡಿದಿದ್ದಾನೆ. ವಾಣಿಶ್ರೀ ಮುಖ ಗಂಟಿಕ್ಕಿಕೊಂಡೇ ಒಂದು ಕಟ್ಟು ಇಟ್ಟು ಹೋದಳು. ಅವಳ ಪ್ರಶ್ನೆ: ‘ನಮ್ಮಪ್ಪ ದಿನಾ ಏನು ಕೆಲಸ ಮಾಡುತ್ತಾನೆ?’ ಕೃತಜ್ಞತೆಯ ಪುಟದಲ್ಲಿ ವೀರಭದ್ರಪ್ಪ ಎಂದು ದಪ್ಪ ಅಕ್ಷರದಲ್ಲಿದೆ. ನಾನು ಬೀಗ ಹಾಕುವ ಹೊತ್ತಿಗೆ ಬಾಗಿಲಿಗೆ ಮತ್ತೆ ಬಂದು, ‘ಈ ಸರ್ತಿ ನಾನ ಟೈಪ್ ಮಾಡೇನ್ರಿ’ ಎಂದಳು.

ಐಶ್ವರ್ಯ ಕೊನೆಗೆ ಬಂದಳು. ವಿಷಯ ಬದಲಿಸಿಲ್ಲ. ಬೈಂಡ್ ಮಾಡಿಸದೆ ಬಿಡಿ ಹಾಳೆಗಳನ್ನೇ ತಂದಿದ್ದಳು.

‘ಸಹಿ ಹಾಕ್ತೀರೋ ಇಲ್ಲೋ ಗೊತ್ತಿರ್ಲಿಲ್ರಿ. ಅದಕ್ಕ ಕಟ್ಟಿಸಿಲ್ಲ.’

ಗೈಡ್ ಸಹಿ ಇಲ್ಲದ ಪ್ರಾಜೆಕ್ಟನ್ನು ವೈವಾದಲ್ಲಿ ನೋಡುವುದಿಲ್ಲ. ವೈವಾ ಇಲ್ಲದಿದ್ದರೆ ಅವಳ ಡಿಗ್ರಿ ಒಂದು ವರ್ಷ ನಿಲ್ಲುತ್ತದೆ. ತಡಸದಲ್ಲಿ ಒಂದು ವರ್ಷ ನಿಂತ ಹುಡುಗಿಯನ್ನು ಮನೆಯವರು ಮತ್ತೆ ಬಸ್ಸು ಹತ್ತಿಸುತ್ತಾರೆಯೇ? ಇದೆಲ್ಲ ಅವಳಿಗೆ ಗೊತ್ತಿದೆಯೇ ಎಂದು ಕೇಳಿದೆ.

‘ಗೊತ್ತೈತ್ರಿ. ಅವ್ವನೂ ಬೈದ್ಲು. ನನಗ ಅಂಜಿಕಿ ಇಲ್ಲಂತಲ್ರಿ ಮೇಡಂ, ಭಾಳ ಐತಿ. ಆದ್ರ ಅಷ್ಟೂ ಮಂದಿನ್ನ ಮಾತಾಡಿಸಿ ಬಂದೇನಿ. ಆ ಗೋದಾಮಿನಾವ ಮೊನ್ನೆ ತಾನ ಫೋನ್ ಮಾಡಿದ್ದ. ನನ್ನ ಕೆಲಸ ಗೋದಾಮಿನ ಕೆಲಸ ಅಂತನ ಬರಿ ತಂಗಿ ಅಂದ. ಈಗ ಹೆಂಗ ಬಿಡ್ಲಿ?’

ಹಾಳೆಗಳನ್ನು ನನ್ನ ಮೇಜಿನ ಮೇಲಿಟ್ಟು, ‘ನಿಮ್ಮವು ಎರಡು ಉತ್ತರ ಬಾಕಿ ಅದಾವ್ರಿ’ ಎಂದು ಹೋದಳು.

ಮನೆಗೆ ತಂದು ಓದಿದೆ. ತಪ್ಪುಗಳಿವೆ, ಎರಡು ಕಡೆ ಊರ ಹೆಸರು ಅದಲುಬದಲಾಗಿದೆ. ಯಾರನ್ನೂ ಹೀಗಳೆದಿಲ್ಲ. ಕಾಲೇಜನ್ನು ದೂರಿಲ್ಲ. ಯಾರು ಏನು ಹೇಳಿದರೋ ಅದಷ್ಟೇ ಇದೆ. ಇಷ್ಟು ಸ್ಪಷ್ಟವಾಗಿ ನಾನು ಆ ವಯಸ್ಸಿನಲ್ಲಿ ಬರೆದಿರಲಿಲ್ಲ. ನನ್ನ ಹೆಸರಿನ ಮುಂದೆ ಎರಡು ಸಾಲು ಖಾಲಿ.

ಮೊದಲನೆಯದಕ್ಕೆ ಬರೆಯಬೇಕಾದದ್ದು: ಸರ್ ಹೇಳಿದರು. ಅದು ಸತ್ಯ, ಅದರಲ್ಲಿ ಅವರ ತಪ್ಪಿಲ್ಲ. ಎರಡನೆಯದಕ್ಕೆ: ಸವಣೂರಿನ ಎಲೆಯನ್ನು ಆರಿಸುವ ಹೆಂಗಸರ ಬಗ್ಗೆ ಬರೆಯುತ್ತೇನೆ. ಶನಿವಾರ ಖಾಲಾ ಹೇಳಿದ್ದು ಇನ್ನೂ ತಲೆಯಲ್ಲಿದೆ. ಅವರ ಅತ್ತಿಗೆ ಮೂರು ಓಣಿ ಆಚೆ ಇದ್ದಾರಂತೆ. ಆದೇಶ ಬಂದರೂ ಬರೆಯುತ್ತೇನೆ, ಬರದಿದ್ದರೂ. ಬರದಿದ್ದರೆ ಜೂನ್ ಒಂದಕ್ಕೆ ಬೆಳಗ್ಗೆ ಎದ್ದು ಹೋಗಬೇಕಾದದ್ದು ಅವರ ಮನೆಗೆ.

ಹದಿನೈದಕ್ಕೆ ಕಮಿಟಿ ಕೂರುತ್ತದೆ. ನನ್ನ ಹೆಸರನ್ನು ಯಾರೂ ಹೇಳದೆ ಸಭೆ ಮುಗಿಯಬಹುದು. ಆ ಚಿತ್ರ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತದೆ.

ಬೆಳಗಿನ ಮೊದಲ ಬಸ್ಸಿಗೆ ಹೋಗುವುದು. ಕನಕಪ್ಪ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದು, ಐಶ್ವರ್ಯಳ ಹಾಳೆಗಳನ್ನು ಕಟ್ಟಿಸುವುದು. ಎಲೆ ಪ್ರಾಜೆಕ್ಟನ್ನು ಅಳಿಸಲು ಹೇಳುವುದು. ಸಹಿ ಹಾಕಿ, ಎಲ್ಲಕ್ಕಿಂತ ಮೇಲೆ ಅವಳದನ್ನೇ ಇಟ್ಟು, ನಾನೇ ಸರ್ ಮೇಜಿಗೆ ಒಯ್ಯುವುದು.

ಪೆನ್ನು, ಹಾಳೆ ಚೀಲದಲ್ಲಿಡುವಾಗ ಅಬ್ಬಾ ಇಣುಕಿ, ‘ಇದ್ರಾಗ ನನ್ನ ಹೆಸರು ಐತೇನು?’ ಎಂದರು. ಇಲ್ಲವೆಂದೆ. ‘ಆತು ಬಿಡು, ಸಾಕಾತು’ ಎಂದು ಗೋಣಿಗೆ ನೀರು ಚಿಮುಕಿಸಲು ಹೋದರು.

ಅಮ್ಮಿ ಕೇಳಿದರು: ‘ಸರ್‌ನ ಕೇಳಿದ್ಯಾ?’

ಇಲ್ಲ. ಆ ಮಾತು ಇವತ್ತೆಲ್ಲ ನನಗೆ ನೆನಪೇ ಬಂದಿರಲಿಲ್ಲ.